ಹಳದಿ ಬೊಟ್ಟಿನ ಪೈಲ್ವಾನ್

ಮೊದಲೇ ಎಚ್ಚರಿಸಿಬಿಡುತ್ತೇನೆ, ಆಮೇಲೆ ಹೇಳಲಿಲ್ಲ ಅನ್ನಬೇಡಿ. ನೀವು ಇದುವರೆಗೆ ಓದಿದ ವೈಜ್ಞಾನಿಕ ಕಥೆಗಳ ನಾಯಕರು ಮಂಗಳಗ್ರಹಕ್ಕೆ ಹೋಗಿರಬಹುದು, ಕಾಲಯಂತ್ರದಲ್ಲಿ ಕೂತು ಡೈನೋಸಾರಿಗೆ ಕೈಬೀಸಿರಬಹುದು. ನನ್ನ ನಾಯಕ ಮೈಸೂರು ಬಿಟ್ಟು ಆಚೆ ಹೋಗುವುದಿಲ್ಲ. ಹಾಗಿದ್ದೂ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೇ ಪಟ್ಟಿನಲ್ಲಿ ಕೆಡವುತ್ತಾನೆ. ಯಾಕೆ ಗೊತ್ತೇ? ಅವರ ವೈರಿಗೆ ಮೂರು ತಲೆಯೋ ಆರು ಕೈಯೋ ಇತ್ತು, ಕಣ್ಣಿಗೆ ಕಾಣುತ್ತಿತ್ತು. ಇವನ ವೈರಿ ಇವನ ಕಿವಿಯ ಹತ್ತಿರವೇ ಮಲಗಿತ್ತು, ಸೂಜಿಮೊನೆಯ ಮೇಲೆ ಲಕ್ಷಗಟ್ಟಲೆ ಕೂರುವಷ್ಟು ಚಿಕ್ಕದು. ಇಂಥ ಜೋಡಿ ಕಟ್ಟಿದ ಕಥೆಗಾರ ಇನ್ನೊಬ್ಬನಿದ್ದರೆ ತೋರಿಸಿ, ನಾನು ಮೀಸೆ ಬೋಳಿಸಿಕೊಳ್ಳುತ್ತೇನೆ.

ನಾಯಕನ ಹೆಸರು ದೊರೆಸ್ವಾಮಿ. ವಯಸ್ಸು ಇಪ್ಪತ್ತೆರಡು, ತೂಕ ಎಪ್ಪತ್ನಾಲ್ಕು ಕೆಜಿ, ಬಾಯಿ ಅದಕ್ಕಿಂತ ಭಾರ. ಅವನಜ್ಜಿ ಈರಮ್ಮ ಮೂವತ್ತು ವರ್ಷ ಒಂದು ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೆಟ್ ಹರಿದವಳು. ತಾಯಿ ತಂದೆ ಇಲ್ಲದ ಮೊಮ್ಮಗನನ್ನು ಅವಳು ಬಾಲ್ಕನಿಯ ಮೆಟ್ಟಿಲ ಮೇಲೆ ಕೂರಿಸಿಯೇ ಬೆಳೆಸಿದಳು. ಹೀಗಾಗಿ ಹುಡುಗ ಮಾತು ಕಲಿಯುವ ಮೊದಲು ಡೈಲಾಗ್ ಕಲಿತ. ಹಾಲು ಬೇಕಾದರೂ, "ಅಜ್ಜೀ, ಈ ಲೋಟ ತುಂಬೋವರ್ಗೂ ಈ ದೊರೆ ಕಣ್ಣು ಮುಚ್ಚಲ್ಲ!" ಅನ್ನುತ್ತಿದ್ದ. ನಂಜುಮಳಿಗೆಯ ಸಾಲುಬೇವಿನ ಗರಡಿಗೆ ಸೇರಿದ ಮೇಲೆ ಎದುರಾಳಿಯ ಲಂಗೋಟಿಯೊಳಗೆ ಕಡಲೆಕಾಳು ಹಾಕುವುದು, ಸಾಮು ಮಾಡುವವನ ಬೆನ್ನ ಮೇಲೆ "ಬಾಡಿಗೆಗಿದೆ" ಅಂತ ಚೀಟಿ ಅಂಟಿಸುವುದು, ಇವೇ ಅವನ ಕಸುಬು. ಆದರೆ ಮಟ್ಟಿಗೆ, ಅಂದರೆ ಗರಡಿಯ ಆ ಕೆಂಪುಮಣ್ಣಿನ ಕಣಕ್ಕೆ, ಇಳಿದನೆಂದರೆ ತುಂಟಾಟ ಮುಗಿಯಿತು. ಅಲ್ಲಿ ಅವನು ನಗುತ್ತಿರಲಿಲ್ಲ.

ಹಿಂದಿನ ವರ್ಷ ದಸರಾ ಕುಸ್ತಿಯ ದಿನ ಬೆಳಗ್ಗೆ ಎದ್ದಾಗ ಅವನ ಬಲಗೆನ್ನೆಯ ಮೇಲೆ ನೀರುಗುಳ್ಳೆಗಳ ಗೊಂಚಲಿತ್ತು. ರೆಫರಿ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ, "ಹರ್ಪಿಸ್" ಅಂದ, ಕಣದಿಂದಾಚೆ ಕಳಿಸಿದ. ಹಿಂದಿನ ಸಾಲಿನಲ್ಲಿ ಯಾರೋ, "ಎಲ್ಲೆಲ್ಲಿ ತಿರುಗಿದ್ನೋ ಏನೋ" ಅಂದದ್ದು ದೊರೆಗೆ ಸ್ಪಷ್ಟವಾಗಿ ಕೇಳಿಸಿತು. ಅವನು ತಿರುಗಿದ್ದು ಗರಡಿಯಿಂದ ಮನೆಗೆ, ಮನೆಯಿಂದ ಗರಡಿಗೆ. ಆ ಒಂದು ಮಾತನ್ನು ಅಳಿಸಬೇಕಾದರೆ ಈ ದಸರಾದಲ್ಲಿ ಮಟ್ಟಿಗೆ ಇಳಿಯಲೇಬೇಕು. ಬೇರೆ ಆಸೆ ಅವನಿಗೆ ಇರಲಿಲ್ಲ.

ಗರಡಿಯಲ್ಲಿ ಈ ಗುಳ್ಳೆ ಹೊಸದಲ್ಲ. ಎರಡು ವರ್ಷದಲ್ಲಿ ಏಳು ಜನಕ್ಕೆ ಬಂದಿತ್ತು. ತಲೆಗೆ ತಲೆ ಕೊಟ್ಟು ಕೆನ್ನೆಗೆ ಕೆನ್ನೆ ಉಜ್ಜುವ ಆಟದಲ್ಲಿ ಚರ್ಮದಿಂದ ಚರ್ಮಕ್ಕೆ ದಾಟುವುದು ಎಷ್ಟು ಹೊತ್ತಿನ ಕೆಲಸ? ಉಸ್ತಾದ್ ಚೆಲುವಯ್ಯನವರು ಮಾತ್ರ ಅದನ್ನು ಸರ್ಪಸುತ್ತು ಎಂದು ತೀರ್ಮಾನಿಸಿ, ಕೆಂಪುಮಣ್ಣಿಗೆ ಮದ್ದಿನ ಗುಣವಿದೆ ಎಂದು ನಂಬಿ, ಮಟ್ಟಿಯ ಮಣ್ಣನ್ನೇ ಗುಳ್ಳೆಗೆ ಮೆತ್ತುತ್ತಿದ್ದರು. ಒಬ್ಬನಿಗೆ ಮೆತ್ತಿದ ಬೆರಳಿನಲ್ಲೇ ಇನ್ನೊಬ್ಬನಿಗೆ.

ಆಗ ಬಂತು ಕಿವಿಬೊಟ್ಟು.

ಡಾಕ್ಟರ್ ಕುಮುದಿನಿಯವರ ಪ್ರಯೋಗಾಲಯದಲ್ಲಿ ಹುಟ್ಟಿದ ಅದು ಹೆಬ್ಬೆರಳ ಉಗುರಿನಷ್ಟು ಅಗಲದ, ಚರ್ಮದ ಬಣ್ಣದ ಒಂದು ಅಂಟುಪಟ್ಟಿ. ನಡುವೆ ಸಾಸಿವೆಯಷ್ಟು ದೀಪ. ದಸರಾಗೆ ಒಂದು ತಿಂಗಳ ಮುಂಚೆ ದೊರೆಯನ್ನು ಸ್ಟೂಲಿನ ಮೇಲೆ ಕೂರಿಸಿ ಅವನ ಕಿವಿಯ ಹಿಂದೆ ಅದನ್ನು ಒತ್ತುತ್ತಾ ಡಾಕ್ಟರು ಹೇಳಿದರು:

"ನೋಡಪ್ಪ, ಈ ವೈರಸ್ ಒಂದ್ಸಲ ಒಳಗೆ ಬಂದ್ರೆ ಹೋಗಲ್ಲ. ಗುಳ್ಳೆ ಒಣಗಿದ ಮೇಲೆ ನರದ ದಾರಿ ಹಿಡಿದು ವಾಪಸ್ ಹೋಗಿ ಇಲ್ಲೇ ಒಳಗಡೆ ಒಂದು ನರಗಂಟಲ್ಲಿ ಮಲ್ಕೊಳ್ಳತ್ತೆ. ನಿದ್ದೆಗೆಡು, ಜ್ವರ ಬರಲಿ, ಬಿಸಿಲಲ್ಲಿ ಒದ್ದಾಡು, ಎದ್ದುಬಿಡತ್ತೆ. ಎದ್ದು ಅದೇ ದಾರೀಲಿ ಕೆನ್ನೆಗೆ ಇಳಿಯೋಕೆ ಒಂದೆರಡು ದಿನ ಬೇಕು. ಆ ಒಂದೆರಡು ದಿನಾನೇ ನಮ್ಮ ಸಮಯ."

"ಬೊಟ್ಟು ಏನ್ ಮಾಡ್ತದೆ ಮೇಡಂ?"

"ಕದ್ದು ಕೇಳತ್ತೆ. ವೈರಸ್ ಎದ್ದ ತಕ್ಷಣ ಆ ನರದ ಜೀವಕೋಶಗಳು ಗಾಬರಿಯಾಗಿ ಒಂಥರಾ ರಾಸಾಯನಿಕ ಬಿಡ್ತವೆ, ಅದನ್ನ ಹಿಡಿಯತ್ತೆ. ಹಸಿರು ಅಂದ್ರೆ ಮಲಗಿದೆ. ಹಳದಿ ಅಂದ್ರೆ ಎದ್ದಿದೆ, ಕೂಡ್ಲೇ ಮಾತ್ರೆ ತಗೋ. ಕೆಂಪು ಅಂದ್ರೆ ಚರ್ಮಕ್ಕೆ ಬಂದಿದೆ, ಯಾರನ್ನೂ ಮುಟ್ಟಬೇಡ."

"ಮಾತ್ರೆ ಅದನ್ನ ಕೊಂದಾಕ್ತದಾ?"

"ಇಲ್ಲ. ವೈರಸ್ ತನ್ನ ನಕಲು ಮಾಡ್ಕೊಳ್ಳೋವಾಗ ಸರಪಳಿ ಹೆಣೆದ ಹಾಗೆ ಕೊಂಡಿಗೆ ಕೊಂಡಿ ಸೇರಿಸ್ತಾ ಹೋಗತ್ತೆ. ಈ ಮಾತ್ರೆ ಕೊಂಡಿ ಥರಾನೇ ವೇಷ ಹಾಕ್ಕೊಂಡು ಹೋಗಿ ಕೂತ್ಕೊಳ್ಳತ್ತೆ. ಅದರ ಮುಂದಕ್ಕೆ ಇನ್ನೊಂದು ಕೊಂಡಿ ಸೇರಲ್ಲ. ಸರಪಳಿ ಅಲ್ಲಿಗೆ ನಿಂತ್ಹೋಗತ್ತೆ."

ದೊರೆಯ ಕಣ್ಣು ಮಿಂಚಿತು. "ಅಂದ್ರೆ ವಿಲನ್ ಗ್ಯಾಂಗಿಗೆ ವೇಷ ಮರೆಸ್ಕೊಂಡು ಹೋಗೋ ಹೀರೋ! ಮೇಡಂ, ಈ ಮಾತ್ರೆಗೆ ಕಟೌಟ್ ಹಾಕ್ಸಿ."

"ಕಟೌಟ್ ಆಮೇಲೆ. ಹಳದಿಯಾದ ಆರು ಗಂಟೆ ಒಳಗೆ ನುಂಗಬೇಕು. ಬೆಳಗ್ಗೆ ಒಂದು ಡೋಸು, ಸಂಜೆ ಒಂದು. ತಡ ಆದ್ರೆ ಹೀರೋ ಬರೋದ್ರೊಳಗೆ ಕ್ಲೈಮ್ಯಾಕ್ಸ್ ಮುಗಿದಿರತ್ತೆ."

ಆ ವರ್ಷದಿಂದ ಕುಸ್ತಿಗೆ ಇಳಿಯುವ ಪ್ರತಿಯೊಬ್ಬರ ಕಿವಿಯ ಹಿಂದೆ ಬೊಟ್ಟು ಇರಬೇಕು, ಇಳಿಯುವ ಹೊತ್ತಿಗೆ ಅದು ಹಸಿರಾಗಿರಬೇಕು ಎಂದು ನಿಯಮವಾಯಿತು. ಉಸ್ತಾದರು ಬೊಟ್ಟಿಗೆ ಒಪ್ಪಿದರು, ಮಾತ್ರೆಗೆ ಒಪ್ಪಲಿಲ್ಲ. "ಪೈಲ್ವಾನ್ ಅಂದ್ಮೇಲೆ ಹಾಲು, ತುಪ್ಪ, ಬಾದಾಮಿ. ಮಾತ್ರೆ ನುಂಗೋನು ರೋಗಿ. ರೋಗಿ ನನ್ ಮಟ್ಟಿ ಮೆಟ್ಟಂಗಿಲ್ಲ," ಅಂದರು. ಅವರು ಎರಡನೇ ಸಲ ಹೇಳುವ ಜಾತಿಯವರಲ್ಲ.

ಕುಸ್ತಿ ಶುಕ್ರವಾರ ಸಂಜೆ ನಾಲ್ಕಕ್ಕೆ. ಬುಧವಾರ ಬೆಳಗ್ಗೆ ಐದೂವರೆಗೆ ಹಲ್ಲುಜ್ಜುತ್ತಾ ದೊರೆ ಕನ್ನಡಿಯಲ್ಲಿ ಕಿವಿ ತಿರುಗಿಸಿ ನೋಡಿದ. ಹಳದಿ.

ಅವನು ಕನ್ನಡಿಗೆ ಬೆರಳು ತೋರಿಸಿ, "ನೀನು ಎದ್ದಿರಬಹುದು. ನಾನು ಮಲಗೇ ಇರಲಿಲ್ಲ ಕಣೋ," ಅಂದ. ಆ ಹೊತ್ತಿಗೇ ನುಂಗಿಬಿಡಬಹುದಿತ್ತು. ಆದರೆ ಖಾಲಿ ಹೊಟ್ಟೆಗೆ ನುಂಗಿದರೆ ಅವನಿಗೆ ವಾಕರಿಕೆ, ಸಾಮು ಮಾಡುವಾಗ ಉಸ್ತಾದರಿಗೆ ಗೊತ್ತಾಗಿಬಿಡುತ್ತದೆ. ಗರಡಿಯಲ್ಲಿ ಬಾದಾಮಿ ಅರೆಯುವ ಪಾಳಿ ಹೇಗೂ ಅವನದೇ. ನೆನೆಸಿದ ಬಾದಾಮಿಯ ಸಿಪ್ಪೆ ತೆಗೆದು, ಗಸಗಸೆ, ಏಲಕ್ಕಿ ಹಾಕಿ ನುಣ್ಣಗೆ ಅರೆದು, ಹತ್ತು ಉಂಡೆ ಕಟ್ಟಿದ. ಒಂದರೊಳಗೆ ಮಾತ್ರೆ ತುರುಕಿ ತಟ್ಟೆಯ ತನ್ನ ಕಡೆಗೆ ಇಟ್ಟುಕೊಂಡ. ಸಾಮು ಮುಗಿದ ಮೇಲೆ ಎಲ್ಲರೂ ಉಂಡೆ ತಿನ್ನುತ್ತಾರೆ, ಇವನೂ ತಿನ್ನುತ್ತಾನೆ. ಯೋಜನೆ ಎಷ್ಟು ನಯವಾಗಿತ್ತೆಂದರೆ ಅವನು ತನಗೇ ಒಂದು ಶಿಳ್ಳೆ ಹೊಡೆದುಕೊಂಡ.

ಉಸ್ತಾದರು ಬಂದು ಬೆಂಚಿನ ಮೇಲೆ ಕೂತರು. ವಾಡಿಕೆಯಂತೆ ಮೊದಲ ಉಂಡೆ ಅವರ ಕೈಗೆ ಹೋಯಿತು. ಅವರು ತಿನ್ನಲಿಲ್ಲ. ದೊರೆಯನ್ನು ಹತ್ತಿರ ಕರೆದರು.

"ಬಾ ಇಲ್ಲಿ. ನಾಡಿದ್ದು ಕುಸ್ತಿ ಜೋಡಿ ಐತೆ ನಿಂಗೆ. ನಮ್ಮುಸ್ತಾದ್ರು ನನ್ನ ಮೊದಲ್ನೇ ದಸರಾ ಕುಸ್ತಿಗೆ ಮುಂಚೆ ಅವ್ರ ಪಾಲು ನಂಗ್ ಕೊಟ್ಟು, ನನ್ ಪಾಲು ಅವ್ರು ತಿಂದಿದ್ರು. ತಗೋ, ಇದು ನಿಂದು. ನಿನ್ ಪಾಲು ಇತ್ಲಾಗ್ ಕೊಡು."

"ಬ್ಯಾಡಿ ಉಸ್ತಾದ್ರೇ, ನಂದು... ಸಣ್ಣುಂಡೆ."

"ದೊಡ್ಡುಂಡೆ ತಿನ್ನಕ್ಕೆ ನಾನೇನು ಮದ್ವೆಗ್ ಬಂದಿದ್ದೀನೇನ್ಲಾ? ಕೊಡು."

ಹುಡುಗರು ಕೈಮುಗಿದು ನಿಂತಿದ್ದರು. ಒಬ್ಬಿಬ್ಬರ ಕಣ್ಣು ಒದ್ದೆಯಾಗಿತ್ತು. ದೊರೆಯ ಕಣ್ಣೂ ಒದ್ದೆಯಾಯಿತು, ಕಾರಣ ಬೇರೆ. ಉಸ್ತಾದರು ಉಂಡೆಯನ್ನು ಬಾಯಿಗೆ ಹಾಕಿ ಎರಡು ಸಲ ಜಗಿದರು, ಮುಖ ಕಿವಿಚಿದರು.

"ಯಾವನ್ಲಾ ಬಾದಾಮಿ ತಂದೋನು? ಒಂದು ಕಹಿ ಸೇರ್ಕಂಡೈತೆ."

ಆಶೀರ್ವಾದದ ತುತ್ತು ಉಗುಳುವ ಹಾಗಿಲ್ಲವಲ್ಲ, ನುಂಗಿದರು. ಬೆಳಗಿನ ಡೋಸು ಹೀಗೆ ಅರವತ್ತೆಂಟು ವರ್ಷದ, ಯಾವ ಗುಳ್ಳೆಯೂ ಇಲ್ಲದ ಹೊಟ್ಟೆ ಸೇರಿತು. ಒಂದು ಮಾತ್ರೆಯಿಂದ ಅವರಿಗೇನೂ ಆಗುವುದಿಲ್ಲವೆಂದು ಗೊತ್ತಿದ್ದರೂ ದೊರೆ ಮಧ್ಯಾಹ್ನದವರೆಗೂ ಅವರ ಮುಖವನ್ನೇ ನೋಡುತ್ತಿದ್ದ. ಮಿಕ್ಕ ಮಾತ್ರೆಗಳು ಮನೆಯಲ್ಲಿ. ಉಸ್ತಾದರು ಅಂದು ಅವನನ್ನು ಬಿಡಲೇ ಇಲ್ಲ, ಪಟ್ಟಿನ ಮೇಲೆ ಪಟ್ಟು, ಬಸ್ಕಿಯ ಮೇಲೆ ಬಸ್ಕಿ. ಅವನು ಓಡಿಹೋಗಿ ಮಾತ್ರೆ ಬಾಯಿಗೆ ಹಾಕಿಕೊಂಡಾಗ ಸಂಜೆ ಐದು. ಆರು ತಾಸಿನೊಳಗೆ ನುಂಗಬೇಕಾದ್ದನ್ನು ಹನ್ನೊಂದೂವರೆ ತಾಸಿನ ಮೇಲೆ ನುಂಗಿದ್ದ.

ಗುರುವಾರ ಮಧ್ಯಾಹ್ನವೂ ಬೊಟ್ಟು ಹಳದಿಯೇ. ಬೊಟ್ಟು ಕೇಳಿಸಿಕೊಂಡದ್ದೆಲ್ಲ ಕುಸ್ತಿ ಮೈದಾನದ ಗ್ಯಾಲರಿಯ ಕೆಳಗಿನ ಕಾವಲು ಕೊಠಡಿಗೂ ಹೋಗುತ್ತದೆ, ಡಾಕ್ಟರು ಅಂದಿನಿಂದ ಅಲ್ಲಿ ಕೂತು ನೋಡುತ್ತಿರುತ್ತಾರೆ ಎಂಬುದು ಅವನಿಗೆ ಗೊತ್ತು. ಮನೆಯಲ್ಲಿ ಅಜ್ಜಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ಕಿವಿಯ ಹಿಂದೆ ನುಣುಪಾದ, ಖಾಲಿ ಜಾಗ. ಕಡಲೆಕಾಳಿನ ಕಾಲದ ದೊರೆ ಒಳಗಿನಿಂದ ಎದ್ದ. ಬೊಟ್ಟನ್ನು ನಿಧಾನವಾಗಿ ಕಿತ್ತು ಅಜ್ಜಿಯ ಕಿವಿಯ ಹಿಂದೆ ಅಂಟಿಸಿದ.

ಹತ್ತು ನಿಮಿಷಕ್ಕೆ ಹಸಿರು! ದೊರೆ ನಡುಮನೆಯಲ್ಲಿ ಸದ್ದಿಲ್ಲದೆ ಎರಡು ಸ್ಟೆಪ್ ಕುಣಿದ.

ಅರ್ಧ ಗಂಟೆಗೆ ಹಳದಿ. ಫೋನ್ ಹೊಡೆದುಕೊಂಡಿತು.

"ದೊರೆಸ್ವಾಮಿ," ಡಾಕ್ಟರ ದನಿ ತಣ್ಣಗಿತ್ತು. "ನಿನ್ನ ನರಕ್ಕೆ ಎಪ್ಪತ್ತು ದಾಟಿದೆ ಅಂತ ತೋರಿಸ್ತಿದೆಯಲ್ಲ. ಊಟ ಆದ್ಮೇಲೆ ಮುದುಕ ಆದ್ಯಾ?"

ಫೋನಿನ ಸದ್ದಿಗೆ ಅಜ್ಜಿಗೂ ಎಚ್ಚರವಾಗಿತ್ತು. ಕಿವಿಯ ಹಿಂದೆ ತಡವಿಕೊಂಡಳು. "ಏನ್ಲಾ ಇದು? ಜಿಗಣೆ ಕಚ್ಕಂಡಂಗೈತೆ!"

ಎಲ್ಲ ಹೇಳಬೇಕಾಯಿತು. ಅಜ್ಜಿ ಬೊಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು. ಅವನು ಗುಳ್ಳೆಯ ಹೆಸರು ಹೇಳಲು ನಾಚಿಕೊಂಡು ತಲೆ ತಗ್ಗಿಸಿದ್ದಕ್ಕೆ ಅವಳು ನಕ್ಕೇಬಿಟ್ಟಳು.

"ಅಯ್ಯ, ಇದುಕ್ಕಾ ಒಂದೊರ್ಸದಿಂದ ಮಕ ಮುಚ್ಕಂಡ್ ತಿರುಗ್ತಿದ್ದೆ? ಜ್ವರ ಬಂದಾಗೆಲ್ಲ ನನ್ ತುಟಿ ಮ್ಯಾಲೆ ಏಳಕಿಲ್ವಾ ಗುಳ್ಳೆ? ನಿನ್ನೆಯಿಂದ ಮೈ ಬೆಚ್ಚಗೈತೆ, ಅದುಕ್ಕೇ ಎದ್ದಿರ್ಬೇಕು ಮೂದೇವಿ. ಚಿಕ್ಕ್ ಹುಡುಗಿ ಆಗಿದ್ದಾಗ್ಲಿಂದ ಐತೆ. ನಾನೆಲ್ಲಿ ತಿರುಗಿದ್ದೆ ಹೇಳು, ಟಾಕೀಸ್ ಬಾಗ್ಲು ಬುಟ್ಟು?"

ದೊರೆ ಅವಳ ಚಾಪೆಯ ಅಂಚಿನಲ್ಲಿ ಕೂತ.

"ಒಂದ್ ಮಾತ್ ಕೇಳು. ನಿಮ್ಮಪ್ಪ ಹುಟ್ಟಿದಾಗ ನಂಗೆ ಹಿಂಗೇ ಎದ್ದಿತ್ತು. ಸೂಲಗಿತ್ತಿ ಅಂದ್ಲು, ಬಾಯ್ಮ್ಯಾಲೆ ಗುಳ್ಳೆ ಮಡಿಕ್ಕಂಡು ಹಸುಗೂಸ್ಗೆ ಮುತ್ತಿಕ್ಬ್ಯಾಡ, ಕೂಸು ಉಳಿಯಾಕಿಲ್ಲ ಅಂತ. ಹನ್ನೊಂದ್ ದಿನ ಕಣ್ಲಾ. ಹೆತ್ತ ಮಗ, ಬಟ್ಟೆ ಬಾಯಿಗ್ ಕಟ್ಕಂಡು ಹಾಲು ಕುಡಿಸ್ದೆ. ಒಂದ್ ಮುತ್ತು ಕೊಡ್ನಿಲ್ಲ." ಅವಳು ಬೊಟ್ಟನ್ನು ಅವನ ಕಿವಿಯ ಹಿಂದೆ ತಾನೇ ಒತ್ತಿದಳು. "ಇಕ್ಕೋ, ನಿನ್ ಆಸ್ತಿ ನೀನೇ ಮಡಿಕ್ಕೋ."

ಸಂಜೆ ಕಾವಲು ಕೊಠಡಿಗೆ ಹೋದ. ಗೋಡೆಯ ಮೇಲಿನ ದೊಡ್ಡ ಫಲಕದಲ್ಲಿ ಅರವತ್ತೆರಡು ದೀಪ, ಒಂದೊಂದರ ಕೆಳಗೂ ಹೆಸರು. ಅರವತ್ತೊಂದು ಹಸಿರು. ಹಳದಿಯೊಂದೇ ಎಷ್ಟು ಹೊಳೆಯುತ್ತಿತ್ತೆಂದರೆ ಮಿಕ್ಕವು ಕಾಣುತ್ತಿರಲಿಲ್ಲ. ಡಾಕ್ಟರು ಬೈಯಲಿಲ್ಲ, ಅದೇ ಕಷ್ಟವಾಯಿತು.

"ನಾಳೆ ಮೂರೂವರೆಗೆ ನೋಡ್ತೀನಿ. ಹಸಿರಿದ್ರೆ ಇಳಿ, ಇಲ್ಲದಿದ್ರೆ ಮನೆಗೆ ಹೋಗು. ಮಾತ್ರೆ ತಡವಾಗಿದೆ, ಯಾವ ಕಡೆಗಾದ್ರೂ ತಿರುಗಬಹುದು. ಇನ್ನೊಂದು ವಿಷ್ಯ. ಈ ಬೊಟ್ಟು ನಾನೇ ಮಾಡಿದ್ದು, ಅದಕ್ಕೇ ಹೇಳ್ತಿದೀನಿ, ಇದಕ್ಕೆ ಎಲ್ಲಾ ಗೊತ್ತಾಗಲ್ಲ. ಕೆನ್ನೆ ಚುರುಚುರು ಅಂದ್ರೆ ದೀಪ ಏನೇ ಹೇಳಲಿ, ನಿನ್ನ ಚರ್ಮ ಹೇಳಿದ್ದೇ ಸರಿ."

ಶುಕ್ರವಾರ ಮೂರೂವರೆಗೆ ಬೊಟ್ಟು ಹಸಿರಾಗಿತ್ತು.

ಡಾಕ್ಟರು ಎರಡು ಸಲ ನೋಡಿದರು, ಕೆನ್ನೆಗೆ ಬೆಳಕು ಬಿಟ್ಟು ನೋಡಿದರು, ಚೀಟಿಗೆ ಸಹಿ ಹಾಕಿದರು. ದೊರೆ ಮೈದಾನದ ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಇಳಿದ. ಕಣದ ಪಕ್ಕದಲ್ಲಿ ಉಸ್ತಾದರು ಎಣ್ಣೆ, ಅರಿಶಿನ ಕಲಸಿದ ಮಟ್ಟಿಯ ಮಣ್ಣನ್ನು ಅವನ ನೆತ್ತಿಗೆ, ಕೆನ್ನೆಗೆ, ಕುತ್ತಿಗೆಗೆ, ಕಿವಿಯ ಹಿಂದಕ್ಕೆ ತಾವೇ ಬಳಿದರು. ಶಿಷ್ಯನನ್ನು ಕಣಕ್ಕೆ ಬಿಡುವ ಕ್ರಮವೇ ಅದು. ಆ ಮಣ್ಣಿನ ಕೆಳಗೆ ಬೊಟ್ಟು ಪೂರ್ತಿ ಮುಚ್ಚಿಹೋಯಿತು. ಇನ್ನು ಅದಕ್ಕೆ ಏನು ಗೊತ್ತಾದರೂ ಹೊರಗೆ ಹೇಳಲು ಬಾಯಿಲ್ಲ. ಫಲಕದ ಮೇಲೆ ಕೊನೆಯ ಹಸಿರೇ ನಿಂತುಬಿಟ್ಟಿತು.

ಎದುರಾಳಿ ಗಂಜಾಂನ ಜಬೀವುಲ್ಲಾ. ದೊರೆಗಿಂತ ಮೂರು ವರ್ಷ ದೊಡ್ಡವನು, ತಡೆದರೂ ನಿಲ್ಲದ ನಗು. ಸರದಿಗೆ ಕಾಯುತ್ತಾ ಪಕ್ಕದಲ್ಲೇ ಕೂತು ಫೋನ್ ಮುಂದೆ ಹಿಡಿದ.

"ನೋಡಿ ಬ್ರದರ್, ನನ್ ಮಗಳು. ಎಂಟು ದಿವ್ಸ. ಕುಸ್ತಿ ಮುಗ್ಸಿ ಸೀದಾ ಮನೇಗೆ ಹೋಗ್ಬೇಕು. ಮೂರು ದಿವ್ಸದಿಂದ ಎತ್ಕೊಂಡೇ ಇಲ್ಲ, ಕೈ ಕಡೀತಿದೆ."

"ಹೆಸ್ರೇನಣ್ಣ?"

"ಇನ್ನೂ ಇಟ್ಟಿಲ್ಲ. ಗೆದ್ದು ಹೋದ್ರೆ ನಾನು ಇಡ್ತೀನಿ, ಸೋತು ಹೋದ್ರೆ ನಮ್ ಮನೆಯವ್ಳು ಇಡ್ತಾಳೆ. ಹಂಗೆ ಪಂದ್ಯ."

"ಹಂಗಾದ್ರೆ ಅತ್ತಿಗೇಗೆ ಈಗ್ಲೇ ಫೋನ್ ಮಾಡಿ ಹೆಸ್ರು ಹುಡುಕ್ಕೊಳಕ್ಕೆ ಹೇಳಿ," ಅಂದ ದೊರೆ. ಇಬ್ಬರೂ ನಕ್ಕರು.

ನಗುವಾಗ ಕೆನ್ನೆಯ ಚರ್ಮ ಎಳೆಯಿತು. ಮಣ್ಣಿನ ಕೆಳಗೆ, ಕಿವಿಗಿಂತ ಎರಡು ಬೆರಳು ಮುಂದೆ, ಇರುವೆ ಹರಿದ ಹಾಗೆ ಚುರುಚುರು ಶುರುವಾಯಿತು.

ಮಣ್ಣು ಒಣಗಿ ಎಳೆಯುತ್ತಿದೆ ಅಂದುಕೊಂಡ. ಅರಿಶಿನ ಉರಿಯುತ್ತಿದೆ ಅಂದುಕೊಂಡ. ಮೈಕಿನಲ್ಲಿ ಹೆಸರು ಕೂಗಿದರು. ಇಬ್ಬರೂ ಕಣಕ್ಕೆ ಇಳಿದರು. ಒಂದೊಂದು ಹಿಡಿ ಮಣ್ಣು ಎತ್ತಿ ಪರಸ್ಪರ ಹೆಗಲಿಗೆ ಹಾಕಬೇಕು, ಕೈ ಕುಲುಕಬೇಕು, ತಲೆಗೆ ತಲೆ ಕೊಡಬೇಕು. ದೊರೆ ಮಣ್ಣು ಎತ್ತಿದ. ಇರುವೆಗಳು ಈಗ ಕಚ್ಚುತ್ತಿದ್ದವು. ಒಂದು ವರ್ಷ ಕಾದ ಜಾಗದಲ್ಲಿ ಅವನ ಎರಡೂ ಪಾದಗಳು ಊರಿದ್ದವು. ಸಾವಿರಾರು ಜನಕ್ಕೆ, ಫಲಕಕ್ಕೆ, ಉಸ್ತಾದರಿಗೆ, ಯಾರಿಗೂ ಗೊತ್ತಿಲ್ಲ. ಇವನೊಬ್ಬನಿಗೆ ಗೊತ್ತು.

ಆಗ ದೊರೆ ಏನು ಮಾಡಿದ ಅಂತೀರಿ? ಹಿಡಿದ ಮಣ್ಣನ್ನು ಆಕಾಶಕ್ಕೆ ತೂರಿದ. ಒಂದೇ ನೆಗೆತಕ್ಕೆ ಕಣದಾಚೆ ಹಾರಿ ಮೈಕ್ ಕಿತ್ತುಕೊಂಡ. "ಈ ಕೈ ಗಂಜಾಂ ಹುಲೀನ ಕೆಡವಬಹುದು, ಎಂಟು ದಿನದ ಕೂಸನ್ನ ಕೆಡವಲ್ಲ! ನನಗಿರೋದು ಹರ್ಪಿಸ್! ನಾಚ್ಕೋಬೇಕಾದೋನು ಕಾಯಿಲೆ ಇರೋನಲ್ಲ, ಮುಚ್ಚಿಟ್ಟು ಹಂಚೋನು!" ಎಂದು ಗುಡುಗಿದ. ಗ್ಯಾಲರಿ ಎದ್ದು ನಿಂತಿತು. ಶಿಳ್ಳೆ, ಚಪ್ಪಾಳೆ, ಹೂವು. ಉಸ್ತಾದರು ಓಡಿಬಂದು ತಬ್ಬಿಕೊಂಡರು. ಜಬೀವುಲ್ಲಾ ಅವನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದ.

ಎಷ್ಟು ಚೆನ್ನಾಗಿತ್ತು, ಅಲ್ಲವೇ? ಇಲ್ಲಿಗೇ ನಿಲ್ಲಿಸಿಬಿಡೋಣ ಅಂತ ನನಗೂ ಆಸೆ. ಆದರೆ ಹಾಗೆ ಆಗಲಿಲ್ಲ. ಆದದ್ದನ್ನು ಹೇಳಿಬಿಡುತ್ತೇನೆ.

ಮುನ್ನೂರು ಡೈಲಾಗ್ ಬಾಯಿಪಾಠವಿದ್ದ ದೊರೆಗೆ ಒಂದೂ ಬರಲಿಲ್ಲ. ಹಿಡಿದ ಮಣ್ಣನ್ನು ಕೆಳಗೆ ಬಿಟ್ಟ. ಜಬೀವುಲ್ಲಾ ಕೈ ಚಾಚಿದಾಗ ಇವನು ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಅವನೊಬ್ಬನಿಗೆ ಕೇಳಿಸುವಷ್ಟೇ ಮೆಲ್ಲಗೆ, "ಮುಟ್ಬ್ಯಾಡಿ ಅಣ್ಣ. ನಂಗೆ ಹರ್ಪಿಸ್ ಐತೆ, ಈಗ ಏಳ್ತಾ ಐತೆ. ನಿಮ್ಮನೇಲಿ ಕೂಸೈತೆ," ಅಂದ.

ಜಬೀವುಲ್ಲಾ ಒಂದು ಹೆಜ್ಜೆ ಹಿಂದೆ ಸರಿದ. ಸರಿಯಬೇಕಾದ್ದೇ. ಆದರೂ ದೊರೆ ಯಾವ ಕುಸ್ತಿಯಲ್ಲೂ ಅಷ್ಟು ಜೋರಾಗಿ ಬಿದ್ದಿರಲಿಲ್ಲ. ಆಮೇಲೆ ಜಬೀವುಲ್ಲಾ ರೆಫರಿಯನ್ನು ಕರೆದು, "ಇವ್ರಿಗೆ ಹುಷಾರಿಲ್ಲ ಸಾರ್," ಅಂದ. ಏನು, ಎತ್ತ ಎಂದು ಹೇಳಲಿಲ್ಲ. ಮೈಕಿನವನು ತನಗೆ ತೋಚಿದಂತೆ, "ಹೊಟ್ಟೆನೋವಿನ ಕಾರಣ ದೊರೆಸ್ವಾಮಿ ಪೈಲ್ವಾನ್ ಹಿಂದೆ ಸರಿದಿದ್ದಾರೆ," ಎಂದು ಕೂಗಿದ. ಗ್ಯಾಲರಿ ನಕ್ಕಿತು. ಮೈಕು ಹತ್ತು ಹೆಜ್ಜೆ ದೂರದಲ್ಲಿತ್ತು. ದೊರೆ ಹೋಗಲಿಲ್ಲ, ತಿದ್ದಲಿಲ್ಲ. ತಲೆಯ ಮೇಲೆ ಟವೆಲ್ ಎಳೆದುಕೊಂಡು, ಹೊಟ್ಟೆನೋವಿನವನಾಗಿಯೇ ಮನೆಗೆ ನಡೆದ. ಶನಿವಾರ ಬೆಳಗ್ಗೆ ಆರು ಗುಳ್ಳೆ ಎದ್ದಿದ್ದವು.

ಹನ್ನೊಂದನೆಯ ದಿನಕ್ಕೆ ಗುಳ್ಳೆ ಒಣಗಿ ಹಕ್ಕಳೆ ಉದುರಿ ಬೊಟ್ಟು ಹಸಿರಾಯಿತು. ಡಾಕ್ಟರು ಈಗ ಕ್ರಮ ಬದಲಿಸಿದ್ದರು: ಹಳದಿಗೆ ಕಾಯುವುದು ಬೇಡ, ದಿನಕ್ಕೊಂದು ಮಾತ್ರೆ, ಮುಂದಿನ ದಸರಾವರೆಗೆ. ದೊರೆ ಗರಡಿಗೆ ಹೋದ. ಏಳು ಹುಡುಗರು ಸಾಮು ಮಾಡುತ್ತಿದ್ದರು, ಉಸ್ತಾದರು ಬೆಂಚಿನ ಮೇಲೆ ಕೂತಿದ್ದರು. ಅವನು ಮಟ್ಟಿಯ ಅಂಚಿನಲ್ಲಿ ನಿಂತು, ಎಲ್ಲರಿಗೂ ಕಾಣುವಂತೆ ಮಾತ್ರೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡ.

"ಅವತ್ತು ಹೊಟ್ಟೆನೋವಲ್ಲ ಉಸ್ತಾದ್ರೇ. ಹರ್ಪಿಸ್. ಸರ್ಪಸುತ್ತೂ ಅಲ್ಲ, ಮಟ್ಟಿ ಮಣ್ಣು ಮೆತ್ತಿದ್ರೆ ಹೋಗಲ್ಲ. ಇದನ್ನ ದಿನಾ ನುಂಗ್ತೀನಿ, ಕುಸ್ತೀನೂ ಆಡ್ತೀನಿ. ಮೆಟ್ಬ್ಯಾಡ ಅಂದ್ರೆ ಆಚೆ ನಿಂತು ಸಾಮು ಮಾಡ್ತೀನಿ. ಮಾತ್ರೆ ಮಾತ್ರ ಬುಡಲ್ಲ."

ಪ್ರಾಸವಿರಲಿಲ್ಲ, ಯಾರೂ ಶಿಳ್ಳೆ ಹೊಡೆಯಲಿಲ್ಲ. ಅವನು ಮಾತ್ರೆ ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದ. ಉಸ್ತಾದರು ಹೆಗಲ ಮೇಲಿನ ಟವೆಲ್ ಕೊಡವಿದರು. ಎದ್ದುಹೋಗುತ್ತಾರೆ ಎಂದೇ ಎಲ್ಲರೂ ಅಂದುಕೊಂಡರು. ಬಸ್ಕಿ ಹೊಡೆಯುತ್ತಿದ್ದವನೊಬ್ಬ ಅರ್ಧಕ್ಕೇ ನಿಂತು, ತನ್ನ ಕುತ್ತಿಗೆಯ ಹಳೆಯ ಕಲೆಯ ಮೇಲೆ ಕೈಯಿಟ್ಟುಕೊಂಡು, "ದೊರೆಯಣ್ಣ, ಆ ಡಾಕ್ಟ್ರು ಎಷ್ಟೊತ್ಗೆ ಸಿಗ್ತಾರೆ?" ಅಂದ.

ಉಸ್ತಾದರು ಅವನನ್ನೂ ನೋಡಿದರು, ದೊರೆಯನ್ನೂ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಚೊಂಬನ್ನು ಕಾಲಿನಿಂದ ಮುಂದಕ್ಕೆ ತಳ್ಳಿ, ಯಾರ ಮುಖವನ್ನೂ ನೋಡದೆ, "ಒಂದ್ ಗುಟುಕ್ ನೀರ್ ಸಾಕಾಗಲ್ಲ ಕಣ್ಲಾ. ಪೂರ್ತಿ ಕುಡ್ದು ಮಟ್ಟಿಗಿಳಿ," ಅಂದರು.